ದಾರಿ ತೋರಿಸಿಕೊಂಡು ಕದಿಯೋದಾ?

ಕದ್ದು ನುಗ್ಗುವ ವಿಡಿಯೋ ಗೇಮ್ ಅಂದರೆ ದಾರಿ ನಾವೇ ಹುಡುಕಬೇಕು, ಅಲ್ವಾ? ಈಗಿನ ಎಷ್ಟೋ ಗೇಮ್‌ಗಳಲ್ಲಿ ಹತ್ತಬಹುದಾದ ಗೋಡೆಗೆಲ್ಲ ಹಳದಿ ಬಣ್ಣ. ಪರದೆಯ ಮೂಲೆಯಲ್ಲೊಂದು ಮಿನಿಮ್ಯಾಪ್, ಅಂದರೆ ಪುಟ್ಟ ನಕ್ಷೆ. ಕಾವಲುಗಾರ ಯಾವ ಕಡೆ ಮುಖ ಮಾಡಿದ್ದಾನೆ ಅನ್ನೋದೂ ಅದರಲ್ಲೇ. ಅಷ್ಟು ಚೆಂದದ ಅರಮನೆ ಕಟ್ಟಿರುತ್ತಾರೆ, ನಾನು ನೋಡುವುದು ಮಾತ್ರ ನಕ್ಷೆಯಲ್ಲಿ ಕಾವಲುಗಾರನನ್ನು ತೋರಿಸುವ ಆ ಕೆಂಪು ಚುಕ್ಕಿ.

ಚಿತ್ರದುರ್ಗದಲ್ಲಿ ಬೆಳೆದವನಿಗೆ ಇದು ಇನ್ನೂ ಜಾಸ್ತಿ ಉರಿಸುತ್ತದೆ. ನಮ್ಮ ಏಳುಸುತ್ತಿನ ಕೋಟೆಯಲ್ಲಿ ಆನೆ ಓಡಿ ಬಂದು ಬಾಗಿಲಿಗೆ ಗುದ್ದಬಾರದು ಅಂತಲೇ ದಾರಿಯನ್ನು ತಿರುಗಿಸಿ ತಿರುಗಿಸಿ ಕಟ್ಟಿದ್ದಾರೆ. ತಿರುವಿನಾಚೆ ಏನಿದೆ ಅಂತ ಹೋಗಿಯೇ ನೋಡಬೇಕು. ಇನ್ನು ಓಬವ್ವನ ಕಿಂಡಿ! ಈ ಡಿಸೈನರ್‌ಗಳ ಕೈಗೆ ಸಿಕ್ಕಿದ್ದರೆ ಅದರ ಮೇಲೆ ಲೈಟ್ ಹಾಕಿ, 'ಇಲ್ಲಿ ತೂರಿ' ಅಂತ ಬಾಣ ಬಿಡುತ್ತಿದ್ದರು.

1998ರ 'ಥೀಫ್' ಗೇಮ್‌ನಲ್ಲಿ ಕೈಯಲ್ಲಿ ಗೀಚಿದಂಥ ನಕ್ಷೆ, ಒಂದು ದಿಕ್ಸೂಚಿ, ಅಷ್ಟೇ. ಉಳಿದದ್ದು ನಮ್ಮ ಕಿವಿಗೆ ಬಿಟ್ಟದ್ದು. ಕಬ್ಬಿಣದ ನೆಲದ ಮೇಲೆ ಹೆಜ್ಜೆ ಸದ್ದಾಗುತ್ತಿತ್ತು, ಕಾರ್ಪೆಟ್ ಮೇಲೆ ಆಗುತ್ತಿರಲಿಲ್ಲ. ನೆಲವನ್ನೇ ಓದಬೇಕಿತ್ತು.

'ಗುರುತು ಬೇಡ ಅಂದ್ರೆ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡ್ಕೊಳ್ಳೋ ಮಾರಾಯ' ಅಂತಾನೆ ಗೆಳೆಯ. ಮಾಡಿ ನೋಡಿದೆ. ಎಲ್ಲ ಬಾಗಿಲೂ ಒಂದೇ ಥರ, ಎಲ್ಲ ಕಾರಿಡಾರೂ ಒಂದೇ ಥರ. ಬೀಗದ ಕೈ ಯಾವ ಮಹಡಿಯಲ್ಲಿದೆ ಅಂತ ಒಬ್ಬ ಕಾವಲುಗಾರನೂ ಬಾಯಿ ಬಿಡುವುದಿಲ್ಲ. ಬಾಣ ಇದ್ದೇ ಇರುತ್ತದೆ ಅಂತ ನಂಬಿಯೇ ಕಟ್ಟಿದ ಲೆವೆಲ್ ಅದು. ಮತ್ತೆ ಆನ್ ಮಾಡಿದೆ.