ಆಯಿಲ್ ಡಬ್ಬ ತಿರುಗಿಸಿ ನೋಡೋಕೆ ನಮಗೇನು ಕಷ್ಟ?

ಮೊನ್ನೆ ಹಾಸನದ ಭಾವ ವಿಡಿಯೋ ಕಾಲ್ ಮಾಡಿದಾಗ ನಾನು ಮನೆ ಗ್ಯಾರೇಜಿನಲ್ಲಿ ಕಾರಿನ ಕೆಳಗಿದ್ದೆ. ಪಕ್ಕದಲ್ಲಿದ್ದ ವಾಲ್‌ಮಾರ್ಟ್‌ನ ಸೂಪರ್ ಟೆಕ್ ಎಂಜಿನ್ ಆಯಿಲ್ ಡಬ್ಬ ಕಂಡಿದ್ದೇ ತಡ, "ಅಲ್ಲಯ್ಯಾ, ಡಾಲರಲ್ಲಿ ಸಂಬಳ ತಗೊಂಡು ಅಂಗಡಿಯವನ ಸ್ವಂತ ಆಯಿಲ್ ಹಾಕ್ತೀಯಾ? ಎಂಜಿನ್ ಸೀಜ್ ಆದ್ರೆ ಊರಿಗೆ ಫೋನ್ ಮಾಡ್ಬೇಡ" ಅಂದರು. ಹಿಂದಿನಿಂದ ಅಕ್ಕ ನಕ್ಕಿದ್ದೂ ಕೇಳಿಸಿತು. ಜುಗ್ಗ ಅನ್ನಿಸಿಕೊಂಡರೆ ನನಗೆ ಬೇಜಾರಿಲ್ಲ. ಆದರೆ ಕಾರು ಕೊಂಡ ದಿನದಿಂದ ಅದರ ಮ್ಯಾನ್ಯುಯಲ್ಲನ್ನು ಪ್ಲಾಸ್ಟಿಕ್ ಕವರಿನಿಂದ ಆಚೆ ತೆಗೆಯದ ಮನುಷ್ಯನ ಬಾಯಲ್ಲಿ ಅನ್ನಿಸಿಕೊಳ್ಳಬೇಕಲ್ಲ, ಅದಕ್ಕೆ ಉರಿಯಿತು.

ಇಲ್ಲಿ ಮಿನಿಯಾಪೊಲಿಸ್‌ನಲ್ಲಿ ಆಯಿಲ್ ಆರಿಸೋದು ನಿಜವಾಗಲೂ ಸುಲಭ. ನನ್ನ ಹಳೇ ಟೊಯೋಟದ ಮ್ಯಾನ್ಯುಯಲ್‌ನಲ್ಲಿ 0ಡಬ್ಲ್ಯೂ-20 ಅಂತ ಬರೆದಿದೆ, ಆಯಿಲ್ ಎಷ್ಟು ತೆಳು, ಎಷ್ಟು ದಪ್ಪ ಅನ್ನೋ ನಂಬರ್ ಅದು. ಡಬ್ಬದ ಹಿಂದುಗಡೆ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್‌ನ (ಎಪಿಐ) ದುಂಡನೆಯ ಗುರುತು ಇರುತ್ತದೆ. ಅದರ ನಡುವೆ ಇದೇ ನಂಬರ್, ಮೇಲೆ ಎಪಿಐ ಎಸ್‌ಪಿಯಂಥ ದರ್ಜೆ. ಈ ಎಸ್‌ಪಿ ದರ್ಜೆ ಬಂದಿದ್ದು 2020ರ ಮೇ ತಿಂಗಳಲ್ಲಿ. ಟರ್ಬೊ ಎಂಜಿನ್ನುಗಳಲ್ಲಿ ಕಡಿಮೆ ವೇಗದಲ್ಲಿ ಪೆಟ್ರೋಲ್ ಸಮಯಕ್ಕೆ ಮೊದಲೇ ಹೊತ್ತಿಕೊಂಡು ಪಿಸ್ಟನ್ ಒಡೆಯುವುದು, ಟೈಮಿಂಗ್ ಚೈನ್ ಸವೆಯುವುದು, ಇಂಥದ್ದಕ್ಕೆಲ್ಲ ಪರೀಕ್ಷೆ ಮಾಡಿದ ಮೇಲೇ ಆ ಗುರುತು. ಲೈಸೆನ್ಸ್ ಯಾರಿಗಿದೆ ಅಂತ ಆನ್‌ಲೈನಲ್ಲಿ ಹುಡುಕಬಹುದು. ಅಂಗಡಿಯಿಂದ ಸುಮ್ನೆ ಡಬ್ಬ ಎತ್ತಿಕೊಂಡು ಹೋಗಿ ಪರೀಕ್ಷಿಸುವ ಪದ್ಧತಿಯೂ ಆ ಸಂಸ್ಥೆಗಿದೆ. 5 ಕ್ವಾರ್ಟ್ ಡಬ್ಬ, ಅಂದರೆ 4.73 ಲೀಟರ್, ಅಂಗಡಿ ಬ್ರ್ಯಾಂಡಿಗೆ ಸುಮಾರು 20 ಡಾಲರ್, ದೊಡ್ಡ ಹೆಸರಿನವಕ್ಕೆ 25ರಿಂದ 30. ಎರಡರ ಹಿಂದೆಯೂ ಅದೇ ಗುರುತು. ಇನ್ನೊಂದು ದೊಡ್ಡ ಅಂಗಡಿ ಕಾಸ್ಟ್‌ಕೋದ ಸ್ವಂತ ಬ್ರ್ಯಾಂಡ್ ಕಿರ್ಕ್‌ಲ್ಯಾಂಡ್ ಆಯಿಲ್ಲನ್ನು ಕಾಸ್ಟ್‌ಕೋದವರೇನು ಹಿತ್ತಲಲ್ಲಿ ಕಾಯಿಸಲ್ಲ, ವಾರೆನ್ ಅನ್ನೋ ಕಂಪನಿ ಮಾಡಿಕೊಡುತ್ತದೆ. ಇನ್ನು ವಾರಂಟಿ ಹೋಗುತ್ತೆ ಅನ್ನೋ ಹೆದರಿಕೆ. ಇಂಥದ್ದೇ ಬ್ರ್ಯಾಂಡ್ ಹಾಕಿ ಅಂತ ಕಾರ್ ಕಂಪನಿ ಒತ್ತಾಯ ಮಾಡಬೇಕಾದರೆ ಅದನ್ನು ಬಿಟ್ಟಿ ಕೊಡಬೇಕು ಅಂತ ಇಲ್ಲಿ 1975ರಿಂದಲೇ ಕಾಯ್ದೆ ಇದೆ.

"ಅಪ್ಪಟ ಸಿಂಥೆಟಿಕ್ ಬೇಕು, ದುಡ್ಡು ಹೋದ್ರೂ ಪರವಾಗಿಲ್ಲ" ಅನ್ನುವ ಗೆಳೆಯರೂ ಇದ್ದಾರೆ. ಸಿಂಥೆಟಿಕ್ ಅಂದರೆ ರಾಸಾಯನಿಕವಾಗಿ ತಯಾರಿಸಿದ ಆಯಿಲ್ ಅಂತ ಅವರ ಲೆಕ್ಕ. ಅವರಿಗೆ ನಾನು 1999ರ ಜಗಳದ ಕತೆ ಹೇಳುತ್ತೇನೆ. ಕಚ್ಚಾ ತೈಲವನ್ನೇ ಚೆನ್ನಾಗಿ ಸಂಸ್ಕರಿಸಿ ಕ್ಯಾಸ್ಟ್ರಾಲ್‌ನವರು ಸಿಂಥೆಟಿಕ್ ಅಂತ ಮಾರುತ್ತಿದ್ದಾರೆ ಅಂತ ಮೊಬಿಲ್‌ನವರು ಜಾಹೀರಾತು ತಕರಾರು ತೀರ್ಮಾನಿಸುವ ಪಂಚಾಯಿತಿಗೆ ದೂರು ಕೊಟ್ಟರು, ಸೋತರು. ಆಮೇಲೆ ಬಹಳ ಕಂಪನಿಗಳು ಅದೇ ದಾರಿ ಹಿಡಿದವು. ಹಾಗಾಗಿ ಮುಂದುಗಡೆಯ ಮಿಂಚುವ ಅಕ್ಷರ ಬಿಡಿ, ಹಿಂದುಗಡೆ ನೋಡಿ. ಬಿಎಂಡಬ್ಲ್ಯೂ, ಫೋಕ್ಸ್‌ವ್ಯಾಗನ್ ಇಟ್ಟುಕೊಂಡವರು ಮಾತ್ರ ಆಯಾ ಕಂಪನಿಯ ಒಪ್ಪಿಗೆ ನಂಬರ್ ಕೂಡ ಇದೆಯಾ ನೋಡಬೇಕು. ಅಗ್ಗದ ಡಬ್ಬಗಳಲ್ಲಿ ಎಷ್ಟೋ ಸಲ ಅದು ಇರೋದಿಲ್ಲ.

ಈಗ ಊರಿನ ಕಡೆ ಬರೋಣ. ಗ್ಯಾರೇಜಿಗೆ ಹೋಗುತ್ತೀವಿ. "ಯಾವ್ದು ಹಾಕ್ಲಿ ಸಾರ್?" "ನೀವೇ ನೋಡಿ ಒಳ್ಳೇದು ಹಾಕಿ." ಮುಗೀತು. ನಾಲ್ಕು ಅಂಗಡಿ ತಿರುಗಿ ಚೌಕಾಸಿ ಮಾಡಿ ಪಂಚೆ ತಗೊಳ್ಳೋ ಭಾವ, ಎಂಟು ಹತ್ತು ಲಕ್ಷದ ಕಾರಿನ ಹೊಟ್ಟೆಗೆ ಏನು ಹೋಯಿತು ಅಂತ ಕೇಳಲ್ಲ. ಅವರ ಪೆಟ್ರೋಲ್ ಕಾರಿಗೂ ಪುಸ್ತಕದಲ್ಲಿ ಇರೋದು 0ಡಬ್ಲ್ಯೂ-20. ಮೆಕ್ಯಾನಿಕ್ ಹಾಕಿದ್ದು 20ಡಬ್ಲ್ಯೂ-40. "ನಮ್ಮ ಬಿಸಿಲಿಗೆ ದಪ್ಪ ಆಯಿಲ್ಲೇ ಬೇಕು ಸಾರ್, ತೆಳ್ಳಂದು ನೀರಿದ್ದ ಹಾಗೆ" ಅಂದನಂತೆ, ಇವರು ತಲೆಯಾಡಿಸಿದರಂತೆ. ಅರಿಜೋನಾದ ಫೀನಿಕ್ಸ್‌ನಲ್ಲಿ ಬೇಸಿಗೆಗೆ 45 ಡಿಗ್ರಿ ದಾಟುತ್ತದೆ, ಅಲ್ಲೂ ನನ್ನದರಂಥ ಕಾರುಗಳು ಇದೇ 0ಡಬ್ಲ್ಯೂ-20ರಲ್ಲಿ ಓಡುತ್ತವೆ. ಆ ಕೊನೆಯ ನಂಬರನ್ನು ಅಳೆಯೋದೇ 100 ಡಿಗ್ರಿ ಬಿಸಿಯಲ್ಲಿ, ಹೊರಗಿನ ಬಿಸಿಲು ಅದರ ಮುಂದೆ ಯಾವ ಲೆಕ್ಕ? ಮೊದಲ ನಂಬರ್ ಚಳಿಯದು. 0ಡಬ್ಲ್ಯೂಗೆ ಸ್ಟಾರ್ಟಿಂಗ್ ಪರೀಕ್ಷೆ ಮೈನಸ್ 35 ಡಿಗ್ರಿಯಲ್ಲಿ ನಡೆಯುತ್ತದೆ. ನಮ್ಮ ಜನವರಿಗೆ ಅದು ಬೇಕು, ಹಾಸನಕ್ಕೆ ಅಷ್ಟು ಬೇಡ, ಸರಿ. ಆದರೆ ಹಾಸನದ ಬೆಳಗ್ಗೆಯಲ್ಲೂ ಎಂಜಿನ್ ತಣ್ಣಗೇ ಇರುತ್ತೆ ಅಲ್ವಾ? ದಪ್ಪ ಆಯಿಲ್ ಮೇಲೇರೋಕೆ ತಡ ಮಾಡುತ್ತದೆ, ಪೆಟ್ರೋಲೂ ಜಾಸ್ತಿ ಕುಡಿಸುತ್ತದೆ. ಮೈಲೇಜ್ ಬರ್ತಿಲ್ಲ ಅಂತ ವರ್ಷವಿಡೀ ಗೊಣಗೋರೂ ಇದೇ ಭಾವ.

ಆಯುಧಪೂಜೆ ದಿನ ಬಾನೆಟ್ಟಿಗೆ ಅರಿಶಿನ ಕುಂಕುಮ, ಚಕ್ರಕ್ಕೆ ನಿಂಬೆಹಣ್ಣು, ಬೂದುಗುಂಬಳಕಾಯಿ, ಎಲ್ಲ ಅಚ್ಚುಕಟ್ಟು. ಬಾನೆಟ್ ಎತ್ತಿ ಡಿಪ್‌ಸ್ಟಿಕ್ ನೋಡೋಕೆ ಮಾತ್ರ ಯಾರಿಗೂ ಪುರುಸೊತ್ತಿಲ್ಲ.

ಇಷ್ಟೆಲ್ಲ ಬೈದ ಮೇಲೆ ಒಂದೆರಡು ಮಾತು ಒಪ್ಪಲೇಬೇಕು. ಗುರುತು ನೋಡಿ ತಗೋ ಅಂತ ನಾನು ಇಲ್ಲಿ ಕೂತು ಹೇಳಬಹುದು, ಯಾಕಂದರೆ ಡಬ್ಬದೊಳಗೆ ಇರೋದು ಅದೇ ಅನ್ನೋ ನಂಬಿಕೆ ಇಲ್ಲಿದೆ. ನಮ್ಮೂರ ಕಡೆ ನಕಲಿ ಆಯಿಲ್ ತುಂಬಿ ಮಾರೋಕೆ ಖಾಲಿ ಡಬ್ಬಕ್ಕೂ ಗಿರಾಕಿ ಇದ್ದಾರೆ. ಅಪ್ಪ ಆಯಿಲ್ ಹಾಕಿಸಿದ ಮೇಲೆ ಸ್ಕ್ರೂಡ್ರೈವರ್ ಇಸಕೊಂಡು ಡಬ್ಬಕ್ಕೆ ತೂತು ಹೊಡೆಯೋರು. ಅದು ಹುಚ್ಚಾಟವಲ್ಲ. ಅಂಥ ಕಡೆ ಅಚ್ಚಾದ ಗುರುತಿಗಿಂತ ಇಪ್ಪತ್ತು ವರ್ಷದಿಂದ ಪರಿಚಯ ಇರೋ ಮೆಕ್ಯಾನಿಕ್ ಮೇಲೇ ಜನ ಭಾರ ಹಾಕಿದರೆ ತಪ್ಪೇನು ಅಂತ ನನಗೂ ಅನ್ನಿಸುತ್ತದೆ. ಅಮೆರಿಕವೂ ಪೂರ್ತಿ ಸಾಚಾ ಅಲ್ಲ. ಕೆಲವು ಸಣ್ಣ ಅಂಗಡಿಗಳಲ್ಲಿ ಎಪಿಐ ಎಸ್‌ಎ ಅನ್ನೋ ಬಹಳ ಹಳೇ ದರ್ಜೆಯ ಆಯಿಲ್ ಮಾರುತ್ತಿದ್ದದ್ದುಂಟು. 1930ರ ನಂತರದ ಬಹುತೇಕ ಎಂಜಿನ್ನುಗಳಿಗೆ ಇದು ಆಗಲ್ಲ ಅಂತ ಅದರ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಆದರೂ ಮಾರುತ್ತಾರೆ!

ಇನ್ನೊಂದನ್ನು ಒಪ್ಪೋಕೆ ಸ್ವಲ್ಪ ಕಷ್ಟ. ನಾವಿಲ್ಲಿ 10,000 ಮೈಲಿ ಅಥವಾ ಒಂದು ವರ್ಷ ಅಂತ ಎದೆ ತಟ್ಟಿಕೊಂಡರೆ, ಭಾವನ ಮೆಕ್ಯಾನಿಕ್ 5,000 ಕಿಲೋಮೀಟರಿಗೇ ಬದಲಾಯಿಸಿ ಅಂತಾನೆ. ದುಡ್ಡು ಮಾಡೋಕೆ ಅಂತಲೇ ನಾನು ಅಂದುಕೊಂಡಿದ್ದೆ. ಆದರೆ ನನ್ನ ಟೊಯೋಟದ ಪುಸ್ತಕದಲ್ಲೇ ಧೂಳಿನ ರಸ್ತೆ ಇದ್ದರೆ, ಚಳಿಯಲ್ಲಿ ಬರೀ ಚಿಕ್ಕ ಓಡಾಟ ಇದ್ದರೆ 5,000 ಮೈಲಿಗೇ, ಅಂದರೆ ಸುಮಾರು 8,000 ಕಿಲೋಮೀಟರಿಗೇ ಬದಲಾಯಿಸಿ ಅಂತಿದೆ. ಹಾಸನದಲ್ಲಿ ಮನೆಯಿಂದ ಮಾರ್ಕೆಟ್ಟು, ಮಾರ್ಕೆಟ್ಟಿಂದ ಮನೆ, ನಡುವೆ ರಸ್ತೆ ಅಗೆದ ಧೂಳು. ಅವನ ಲೆಕ್ಕ ಪೂರ್ತಿ ತಪ್ಪಲ್ಲ, 20ಡಬ್ಲ್ಯೂ-40 ಮಾತ್ರ ತಪ್ಪು.

ಅಷ್ಟು ಬೇಗ ಬದಲಾಯಿಸಬೇಕಾದರೆ ಅಗ್ಗದ ಒಳ್ಳೇ ಆಯಿಲ್ ನಮಗಿಂತ ಅವರಿಗೇ ಜಾಸ್ತಿ ಬೇಕು. ಇಂಡಿಯನ್ ಆಯಿಲ್‌ನ ಸರ್ವೋ, ಭಾರತ್ ಪೆಟ್ರೋಲಿಯಂನ ಮ್ಯಾಕ್, ಎಚ್‌ಪಿ, ಎಲ್ಲರ ಹತ್ತಿರವೂ ಸಿಂಥೆಟಿಕ್ ಇದೆ. ಅವರವರ ಬಂಕಿನಲ್ಲೇ ಪುಸ್ತಕದ ನಂಬರ್ ಹೇಳಿ, ಸೀಲ್ ನೋಡಿ, ಬಿಲ್ ಹಾಕಿಸಿ ತಗೊಂಡು ಹೋಗಿ ಗ್ಯಾರೇಜಿನಲ್ಲಿ ಕೊಡಿ. ಮೆಕ್ಯಾನಿಕ್ ಮುಖ ಸಪ್ಪಗೆ ಮಾಡಿಕೊಂಡರೆ ಕೂಲಿ ಸ್ವಲ್ಪ ಜಾಸ್ತಿ ಕೊಡಿ, ಫಿಲ್ಟರ್ ಅವನ ಹತ್ತಿರವೇ ತಗೊಳ್ಳಿ.