ಅದು ಬೆಲ್ಲಿ ಅಲ್ಲರೀ!

ನಿನ್ನೆ ಸಂಜೆ ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್‌ನ ಒಂದು ಚಪ್ಪಲಿ ಅಂಗಡಿಗೆ ಹೋಗಿ ತಲೆ ಕೆಡಿಸಿಕೊಂಡು ಬಂದೆ. ಅಣ್ಣನ ಮಗಳಿಗೆ ಶೂ ಬೇಕಿತ್ತು. ಅಂಗಡಿಯವ ಡಬ್ಬಿ ಮೇಲೆ ಡಬ್ಬಿ ಇಳಿಸಿ, "ಅಕ್ಕೋರೆ, ಬೆಲ್ಲಿ ನೋಡ್ರಿ, ಹೊಸಾ ಮಾಲ್ ಬಂದದ" ಅಂದ. ಹುಡುಗಿ ನನ್ನ ಕಿವಿಯಲ್ಲಿ, "ಅತ್ತಿ, ಬೆಲ್ಲಿ ಅಂದ್ರ ಹೊಟ್ಟಿ ಅಲ್ಲೇನು?" ಅಂತ ಕೇಳಿ ಕಿಸಕ್ಕೆಂದಳು.

ಹೊಟ್ಟೆ ಅಲ್ಲ ತಾಯಿ, ಬ್ಯಾಲೆ! ತುದಿಗಾಲಲ್ಲಿ ಕುಣಿಯುವ ಯುರೋಪಿನ ಕುಣಿತ ಅದು; ಅದನ್ನು ಕುಣಿಯುವ ಬ್ಯಾಲೆರಿನಾಳ ಶೂ ಇದು. ಬಾಯಿಂದ ಬಾಯಿಗೆ ಬಂದು ಬೆಲ್ಲಿ ಆಗಿದೆ.

ನನ್ನ ಹುಚ್ಚು ನಿಮಗೆ ಗೊತ್ತೇ ಇದೆ. 14 ವರ್ಷ ಕುಣಿದದ್ದು ಭರತನಾಟ್ಯ, ಮನಸ್ಸು ಮಾತ್ರ ಬ್ಯಾಲೆ ಮೇಲೆ. ಅದಕ್ಕೇ ಇಷ್ಟು ಉರಿ. ಆ ಶೂನ ಮುಂದೆ ಪುಟ್ಟ ಬೋ ಇರುತ್ತದಲ್ಲ, ಅದು ಮೊದಲು ಸಿಂಗಾರಕ್ಕೆ ಇದ್ದದ್ದಲ್ಲ. ಕುಣಿಯುವವಳ ಕಾಲಿಗೆ ಶೂ ಬಿಗಿಯಾಗಿ ಕೂರಲಿ ಅಂತ ಅಂಚಿನೊಳಗೆ ಎಳೆದ ದಾರದ ಗಂಟು ಅದು. ಅಂಗಡಿಯ ಶೂನಲ್ಲಿ ಗೋಂದು ಹಚ್ಚಿ ಅಂಟಿಸಿದ್ದಾರೆ. ಎಳೆದರೆ ಕೈಗೇ ಬರುತ್ತದೆ. (ಬಂತು. ಸುಮ್ನೆ ಡಬ್ಬಿಯೊಳಗೆ ಹಾಕಿಟ್ಟೆ.)

1832ರಲ್ಲಿ ಪ್ಯಾರಿಸ್‌ನಲ್ಲಿ ಬ್ಯಾಲೆ ನರ್ತಕಿ ಮಾರಿ ತಾಲ್ಯೋನಿ ಬೆರಳ ತುದಿ ಮೇಲೆ ನಿಂತು ಕುಣಿದಾಗ ಕಾಲಲ್ಲಿದ್ದದ್ದು ಮೆತ್ತನೆ ಸ್ಯಾಟಿನ್ ಶೂ. ತುದಿಗೆ ದಾರದ ಹೊಲಿಗೆ, ಅಷ್ಟೇ. ಮುಂದೆ 1947ರಲ್ಲಿ ರೋಸ್ ರೆಪೆಟ್ಟೋ ಎಂಬ ತಾಯಿ ತನ್ನ ಡ್ಯಾನ್ಸರ್ ಮಗನಿಗಾಗಿ ಶೂ ಹೊಲಿಯಲು ಕೂತಳು. 1956ರಲ್ಲಿ ನಟಿ ಬ್ರಿಜಿತ್ ಬಾರ್ದೋ ಅವಳ ಹತ್ತಿರ, ಬೀದಿಯಲ್ಲಿ ಹಾಕಿಕೊಳ್ಳಲು ಅಂಥದ್ದೇ ಒಂದು ಜೋಡಿ ಮಾಡಿಕೊಡು ಅಂದಳು. ಬಾರ್ದೋ ಚಿಕ್ಕಂದಿನಲ್ಲಿ ಬ್ಯಾಲೆ ಕಲಿತವಳು. ನೋಡಿ, ಅಲ್ಲೂ ಕುಣಿಯುವುದು ಬಿಟ್ಟವಳೇ! ಆ ಆಸೆ ಊರೂರು ಸುತ್ತಿ ಕಲಬುರಗಿಗೆ ಬರುವ ಹೊತ್ತಿಗೆ ಹೊಟ್ಟೆ ಆಗಿದೆ.

ಮನೆಗೆ ಬಂದು ಗೊಣಗಿದರೆ ನಮ್ಮ ವೈನಿ, "ರೊಟ್ಟಿ ತಿನ್ನೂವಾಗ ಜ್ವಾಳಾ ಬೆಳೆದಾಂವನ ಹೆಸರು ಕೇಳ್ತೀರೇನು?" ಅಂದರು. ಕೇಳುವುದಿಲ್ಲ, ನಿಜ. ಆದರೆ ಜೋಳದ ರೊಟ್ಟಿಯಲ್ಲಿ ಜೋಳದ ಹೆಸರಾದರೂ ಉಳಿದಿದೆಯಲ್ಲ! ಇಲ್ಲಿ ಅದೂ ಇಲ್ಲ.

ಇನ್ನು "ಪರದೇಶದ ಕುಣಿತ ನಿನಗ್ಯಾಕೆ" ಅನ್ನುವವರಿಗೆ ಒಂದು ಮಾತು. ಭರತನಾಟ್ಯವನ್ನು ಸಭೆಗೆ ತಂದವರಲ್ಲಿ ಒಬ್ಬರಾದ ರುಕ್ಮಿಣಿ ದೇವಿ ಅದಕ್ಕೂ ಮೊದಲು ಕಲಿತದ್ದು ಬ್ಯಾಲೆ. ಸ್ವಂತ ನೆಲದ ಕುಣಿತ ಹುಡುಕು ಅಂತ ಅವರಿಗೆ ಹೇಳಿದವರು ರಷ್ಯಾದ ಬ್ಯಾಲೆ ನರ್ತಕಿ ಅನ್ನಾ ಪಾವ್ಲೋವಾ. ಮುಗೀತು.

ಒಂದು ವಿಷಯ ಯಾರಿಗೂ ಹೇಳಿರಲಿಲ್ಲ. 12ನೇ ವಯಸ್ಸಿನಲ್ಲಿ ಶಾಲೆಯ ಕ್ಯಾನ್ವಾಸ್ ಶೂ ತುದಿಗೆ ಹತ್ತಿ ತುಂಬಿ, ಬಾಗಿಲು ಹಾಕಿಕೊಂಡು ಬೆರಳ ಮೇಲೆ ನಿಂತಿದ್ದೆ. ಮೂರು ಸೆಕೆಂಡ್. ಹೆಬ್ಬೆರಳ ಉಗುರು ಹೋಯಿತು. ಅವ್ವನಿಗೆ ಬಾಗಿಲಿಗೆ ಎಡವಿದೆ ಅಂತ ಸುಳ್ಳು ಹೇಳಿದೆ. ಬ್ಯಾಲೆಗೆ ಪುಟಿಯುವ ಕಟ್ಟಿಗೆ ನೆಲ ಬೇಕು. ನಾನು ಜೀವನವಿಡೀ ಹೆಜ್ಜೆ ಹಾಕಿದ್ದು ಶಹಾಬಾದ್ ಕಲ್ಲಿನ ಮೇಲೆ. ಈಗ ಪಂಡಿತ್ ರಂಗಮಂದಿರದ ಮೆಟ್ಟಿಲು ಹತ್ತಿದರೆ ಮೊಣಕಾಲು ತಾಳ ಹಾಕುತ್ತದೆ.

ಶೂ ಏನೋ ತಗೊಂಡೆ. ಬೋ ಕಿತ್ತ ಆ ಜೋಡಿಯನ್ನೇ, ಪಾಪ ಅನ್ನಿಸಿತು. 50 ರೂಪಾಯಿ ಬಿಟ್ಟ. ಬಿಲ್‌ನಲ್ಲಿ "ಲೇಡೀಸ್ ಬೆಲ್ಲಿ" ಅಂತಲೇ ಬರೆದ. ಹುಡುಗಿ ಅದನ್ನು ಹಾಕಿಕೊಂಡು ಈಗ ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದಾಳೆ. ಆಗಾಗ ನಿಂತು ತುದಿಗಾಲಲ್ಲಿ ಏಳುತ್ತಾಳೆ. ನಾನು ಹೇಳಿಕೊಟ್ಟಿಲ್ಲ, ದೇವರಾಣೆ.