ಹಾಬ್ರೆನ್ ಎಂಬ ಹುಡುಗಿ

ಗ್ವೆಂಡೊಲೆನ್ ರಾಣಿಯನ್ನು ಕೊಂಡಾಡುವ ಬರಹಗಳನ್ನು ಈ ಮಾರ್ಚ್ ತಿಂಗಳಲ್ಲಿ ಮೂರು ಕಡೆ ಓದಿದೆ. ಬ್ರಿಟನ್ನನ್ನು ಆಳಿದ ಮೊದಲ ಹೆಣ್ಣು, ಮೋಸ ಮಾಡಿದ ಗಂಡನ ಮೇಲೆ ದಂಡೆತ್ತಿ ಹೋಗಿ ಗೆದ್ದವಳು, 15 ವರ್ಷ ರಾಜ್ಯಭಾರ ಮಾಡಿದವಳು. ಪುರಾಣದ ಕಥೆಯೇ ಆದರೂ ಇವೆಲ್ಲ ಆ ಕಥೆಯಲ್ಲಿ ಇರುವ ಮಾತುಗಳೇ. ಆದರೆ ಮೂರು ಬರಹಗಳಲ್ಲೂ ಹಾಬ್ರೆನ್ ಎಂಬ ಹೆಸರು ಇರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಥೆ ಬರುವುದು 1136ರ ಆಸುಪಾಸಿನಲ್ಲಿ ಮಾನ್ಮತ್‌ನ ಜೆಫ್ರಿ ಲ್ಯಾಟಿನ್ನಿನಲ್ಲಿ ಬರೆದ ಬ್ರಿಟನ್ ರಾಜರ ಚರಿತ್ರೆಯಲ್ಲಿ. ಟ್ರಾಯ್ ವಂಶದ ಬ್ರೂಟಸ್ ಈ ದ್ವೀಪಕ್ಕೆ ಬಂದು ರಾಜ್ಯ ಕಟ್ಟಿದ. ಅವನ ಹಿರಿಯ ಮಗ ಲೊಕ್ರಿನಸ್. ಬ್ರೂಟಸ್‌ನ ಜೊತೆ ಬಂದ ವೀರ ಕೊರಿನಿಯಸ್, ಕಾರ್ನ್‌ವಾಲ್‌ನ ಒಡೆಯ, ರಾಕ್ಷಸರನ್ನು ಕೊಂದು ಹೆಸರಾದವನು. ಅವನ ಮಗಳು ಗ್ವೆಂಡೊಲೆನ್. ಇವಳನ್ನು ಮದುವೆಯಾಗುತ್ತೇನೆಂದು ಲೊಕ್ರಿನಸ್ ಮಾತು ಕೊಟ್ಟಿದ್ದ.

ಅಷ್ಟರಲ್ಲಿ ಹಂಬರ್ ಎಂಬ ಹೂಣರ ದೊರೆ ದಾಳಿ ಮಾಡಿ, ಸೋತು, ನದಿಯಲ್ಲಿ ಮುಳುಗಿ ಸತ್ತ. ಅವನ ಹಡಗುಗಳಲ್ಲಿ ಮೂವರು ಹುಡುಗಿಯರು ಸಿಕ್ಕರು. ಅವರಲ್ಲಿ ಒಬ್ಬಳು ಎಸ್ಟ್ರಿಲ್ಡಿಸ್, ಜರ್ಮನಿಯ ದೊರೆಯ ಮಗಳು. ಹಂಬರ್ ಅವಳ ನಾಡನ್ನು ಹಾಳುಮಾಡಿ ಹೊತ್ತು ತಂದಿದ್ದ. ಈಗ ಲೊಕ್ರಿನಸ್ ಅವಳ ಬಿಳುಪಿಗೆ ಮರುಳಾದ. ದಂತಕ್ಕಿಂತ, ಹಿಮಕ್ಕಿಂತ, ನೈದಿಲೆಗಿಂತ ಬಿಳಿ ಎಂದು ಜೆಫ್ರಿ ಮೈಮರೆತು ವರ್ಣಿಸುತ್ತಾನೆ. ಆ ಹುಡುಗಿಯ ಮನಸ್ಸಿನಲ್ಲಿ ಏನಿತ್ತು ಎಂಬುದಕ್ಕೆ ಮಾತ್ರ ಒಂದು ಸಾಲೂ ಇಲ್ಲ. ಒಬ್ಬ ದೊರೆಯ ಕೈಯಿಂದ ಇನ್ನೊಬ್ಬ ದೊರೆಯ ಕೈಗೆ ಬಂದಳು, ಅಷ್ಟೇ.

ಕೊರಿನಿಯಸ್ ಕೊಡಲಿ ಬೀಸುತ್ತಾ ಬಂದು, ನಿನ್ನ ಅಪ್ಪನಿಗಾಗಿ ನಾನು ತಿಂದ ಗಾಯಗಳಿಗೆ ಇದೇ ಬೆಲೆಯೇ ಎಂದು ಕೂಗಾಡಿದ. ಹೆದರಿದ ಲೊಕ್ರಿನಸ್ ಗ್ವೆಂಡೊಲೆನ್‌ಳನ್ನೇ ಮದುವೆಯಾದ. ಕೊಡಲಿಯ ನೆರಳಿನಲ್ಲಿ ನಡೆದ ಈ ಮದುವೆಯಲ್ಲಿ ಗ್ವೆಂಡೊಲೆನ್‌ಳನ್ನೂ ಯಾರೂ ಕೇಳಲಿಲ್ಲ. ಈ ಹಂತದವರೆಗೆ ನಾನು ಪೂರ್ತಿಯಾಗಿ ಅವಳ ಪಕ್ಷ.

ಮದುವೆಯ ನಂತರ ಲೊಕ್ರಿನಸ್ ಇಂದಿನ ಲಂಡನ್ ಇರುವಲ್ಲಿ ನೆಲದಡಿ ಒಂದು ಮನೆ ತೋಡಿಸಿ ಎಸ್ಟ್ರಿಲ್ಡಿಸ್‌ಳನ್ನು ಬಚ್ಚಿಟ್ಟ. ದೇವರಿಗೆ ಗುಟ್ಟಿನ ಬಲಿ ಕೊಡುವುದಿದೆ ಎಂದು ಹೇಳಿ ಅಲ್ಲಿಗೆ ಇಳಿಯುತ್ತಿದ್ದ. ಏಳು ವರ್ಷ ಹೀಗೇ ನಡೆಯಿತು. ಗ್ವೆಂಡೊಲೆನ್‌ಗೆ ಮ್ಯಾಡನ್ ಎಂಬ ಗಂಡುಮಗು ಹುಟ್ಟಿತು, ಅದನ್ನು ಬೆಳೆಸಲು ಅಜ್ಜನಿಗೆ ಒಪ್ಪಿಸಿದರು. ಎಸ್ಟ್ರಿಲ್ಡಿಸ್‌ಗೆ ಹುಟ್ಟಿದವಳು ಹಾಬ್ರೆನ್. ಹಗಲು ಬೆಳಕು ಬೀಳದ ಕಡೆ ಕಣ್ಣುಬಿಟ್ಟ ಮಗು.

ಕೊರಿನಿಯಸ್ ಸತ್ತದ್ದೇ ತಡ, ಲೊಕ್ರಿನಸ್ ಗ್ವೆಂಡೊಲೆನ್‌ಳನ್ನು ಬಿಟ್ಟು ಎಸ್ಟ್ರಿಲ್ಡಿಸ್‌ಳನ್ನು ರಾಣಿಯಾಗಿ ಮಾಡಿದ. ಗ್ವೆಂಡೊಲೆನ್ ಕಾರ್ನ್‌ವಾಲ್‌ಗೆ ಹೋಗಿ ದಂಡು ಕಟ್ಟಿದಳು. ಸ್ಟೂರ್ ನದಿಯ ಬಳಿ ಯುದ್ಧವಾಯಿತು. ಲೊಕ್ರಿನಸ್ ಬಾಣ ತಗುಲಿ ಸತ್ತ. ಎಲ್ಲಕ್ಕೂ ಮೂಲನಾದವನ ಸಾವು ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ.

ನಂತರ ಗ್ವೆಂಡೊಲೆನ್, ತಂದೆಯ ಹುಚ್ಚು ಸಿಟ್ಟೇ ತನ್ನ ಮೈಮೇಲೆ ಬಂದಂತೆ, ಎಸ್ಟ್ರಿಲ್ಡಿಸ್‌ಳನ್ನೂ ಹಾಬ್ರೆನ್‌ಳನ್ನೂ ಇಂದಿನ ಸೆವರ್ನ್ ನದಿಗೆ ಎಸೆಯಲು ಆಜ್ಞೆ ಮಾಡಿದಳು. ಲೊಕ್ರಿನಸ್ ಆಳಿದ್ದೇ ಒಟ್ಟು 10 ವರ್ಷ. ಹಾಗಾದರೆ ಹುಡುಗಿಗೆ ಹತ್ತು ತುಂಬಿರಲಾರದು.

ಇನ್ನೊಂದು ಆಜ್ಞೆಯೂ ಹೊರಟಿತು. ಆ ನದಿಯನ್ನು ಇನ್ನು ಮುಂದೆ ಹುಡುಗಿಯ ಹೆಸರಿನಿಂದಲೇ ಕರೆಯಬೇಕು. ಏಕೆಂದರೆ ಅವಳು ತನ್ನ ಗಂಡನಿಗೆ ಹುಟ್ಟಿದವಳು, ಅವಳಿಗೆ ಅಳಿಯದ ಗೌರವ ಸಲ್ಲಬೇಕು. ಈ ಸಾಲನ್ನು ಎಷ್ಟು ಸಲ ಓದಿದರೂ ನನಗೆ ದಾಟಲು ಆಗುವುದಿಲ್ಲ. ಆ ಮಗು ಯಾರೆಂದು ಗ್ವೆಂಡೊಲೆನ್‌ಗೆ ಚೆನ್ನಾಗಿ ಗೊತ್ತಿತ್ತು. ರಾಜನ ಮಗಳು, ತನ್ನ ಮಗನ ತಂಗಿಯೋ ಅಕ್ಕನೋ ಆಗಬೇಕಾದವಳು ಎಂದು ಒಪ್ಪಿಕೊಂಡೇ ಮುಳುಗಿಸಿದಳು. ಸಿಟ್ಟಿನ ಭರದಲ್ಲಿ ಆದದ್ದು ಎಂದು ನಾನು ಇದನ್ನು ಬಿಟ್ಟುಬಿಡಲಾರೆ.

ನದಿಯ ಹೆಸರು ಕಥೆಗಿಂತ ಹಳೆಯದು. ಜೆಫ್ರಿಗಿಂತ ಸಾವಿರ ವರ್ಷ ಮೊದಲೇ ರೋಮಿನ ಚರಿತ್ರೆಕಾರ ಟ್ಯಾಸಿಟಸ್ ಇದನ್ನು ಸಬ್ರಿನಾ ಎಂದು ಬರೆದಿದ್ದಾನೆ. ವೇಲ್ಸ್‌ನವರ ಬಾಯಲ್ಲಿ ಇಂದಿಗೂ ಅದು ಹಾವ್ರೆನ್, ಇಂಗ್ಲಿಷರಿಗೆ ಸೆವರ್ನ್. ಮೊದಲು ನದಿ ಇತ್ತು, ಆ ಹೆಸರಿಗೆ ಒಂದು ಹುಡುಗಿಯನ್ನು ಆಮೇಲೆ ಕಟ್ಟಿದರು. ನಮ್ಮ ಕಾವೇರಿಯೂ ಕಥೆಯಲ್ಲಿ ಹೆಣ್ಣೇ, ಆದರೆ ಅಗಸ್ತ್ಯ ಮಾತು ತಪ್ಪಿದಾಗ ಕಮಂಡಲ ಬಿಟ್ಟು ತಾನೇ ಹರಿದು ಹೊರಟವಳು. ಹಾಬ್ರೆನ್‌ಗೆ ಅಂಥ ಒಂದು ಹೆಜ್ಜೆಯನ್ನೂ ಕಥೆಗಾರ ಕೊಡಲಿಲ್ಲ.

ಜೆಫ್ರಿ ತನ್ನ ಗ್ರಂಥವನ್ನು ಅರ್ಪಿಸಿದ್ದು ಗ್ಲಾಸ್ಟರ್‌ನ ಅರ್ಲ್ ರಾಬರ್ಟ್‌ಗೆ. ಗ್ಲಾಸ್ಟರ್ ಇರುವುದು ಇದೇ ಸೆವರ್ನ್ ದಡದಲ್ಲಿ. ರಾಬರ್ಟ್ ಇಂಗ್ಲೆಂಡಿನ ದೊರೆ ಒಂದನೆಯ ಹೆನ್ರಿಗೆ ಮದುವೆಯ ಹೊರಗೆ ಹುಟ್ಟಿದ ಮಗ. 1135ರಲ್ಲಿ ಹೆನ್ರಿ ಸತ್ತ ಮೇಲೆ ಸಿಂಹಾಸನಕ್ಕಾಗಿ ಅವನ ಸೋದರಳಿಯ ಸ್ಟೀಫನ್‌ಗೂ ಹೆನ್ರಿಯ ಮಗಳು ಮಟಿಲ್ಡಾಗೂ ಕದನ ಹತ್ತಿಕೊಂಡಾಗ, ತಂಗಿಯ ಪರವಾಗಿ ಸೇನೆ ನಡೆಸಿದವನು ಅವನೇ. ರಾಜನಿಗೆ ಹೀಗೆ ಹುಟ್ಟಿದ ಗಂಡುಮಗ ಅರ್ಲ್ ಆಗಿ, ದಂಡನಾಯಕನಾಗಿ ಬಾಳಿದ. ಅವನಿಗೆ ಅರ್ಪಿಸಿದ ಗ್ರಂಥದಲ್ಲಿ ಅಂಥದ್ದೇ ಹುಟ್ಟಿನ ಹೆಣ್ಣುಮಗು ನೀರುಪಾಲಾಯಿತು.

1634ರಲ್ಲಿ ಲಡ್ಲೋ ಕೋಟೆಯಲ್ಲಿ ಆಡಿದ ಇಂಗ್ಲಿಷ್ ಕವಿ ಮಿಲ್ಟನ್‌ನ ನಾಟಕದಲ್ಲಿ ಸಬ್ರಿನಾ, ಅಂದರೆ ಇದೇ ಹಾಬ್ರೆನ್, ಮಲತಾಯಿಯಿಂದ ತಪ್ಪಿಸಿಕೊಳ್ಳಲು ತಾನೇ ನದಿಗೆ ಇಳಿಯುತ್ತಾಳೆ. ಜಲಕನ್ಯೆಯರು ಅವಳನ್ನು ಎತ್ತಿಕೊಂಡು ದೇವತೆಯಾಗಿ ಮಾಡುತ್ತಾರೆ. ಸಾಲುಗಳು ಬಹಳ ಸುಂದರ. ಆದರೆ ಎಸೆದ ಕೈಗಳು ಅಲ್ಲಿ ಕಾಣೆಯಾಗಿವೆ, ಅದು ನನಗೆ ಒಪ್ಪಿಗೆಯಿಲ್ಲ.

ಹೆಣ್ಣು ಗೆದ್ದ ಕಥೆಗಳಿಗಾಗಿ ನಾವೆಲ್ಲ ಹಸಿದಿದ್ದೇವೆ, ನಾನೂ ಹಸಿದಿದ್ದೇನೆ. ಗ್ವೆಂಡೊಲೆನ್ ಮಗ ದೊಡ್ಡವನಾದ ಮೇಲೆ ರಾಜದಂಡವನ್ನು ಅವನಿಗೆ ಒಪ್ಪಿಸಿ, ಕಾರ್ನ್‌ವಾಲ್ ಒಂದೇ ಸಾಕೆಂದು ಹೊರಟುಹೋದಳು. ಅಧಿಕಾರವನ್ನು ಹಾಗೆ ಇಳಿಸಿಟ್ಟವಳ ಮೇಲೆ ನನಗೆ ಗೌರವವಿದೆ. ಅವಳ ಕಥೆಯನ್ನು ಹೇಳಿ, ಹಾಬ್ರೆನ್‌ಳನ್ನು ಬಿಟ್ಟು ಹೇಳಬೇಡಿ.

ಮೊನ್ನೆ ಮಗಳನ್ನು ಕರೆದುಕೊಂಡು ಗ್ಲಾಸ್ಟರ್ ಹತ್ತಿರದ ಮಿನ್‌ಸ್ಟರ್‌ವರ್ತ್‌ಗೆ ಸೆವರ್ನ್ ನದಿಯ ಉಬ್ಬರದ ಅಲೆ ನೋಡಲು ಹೋಗಿದ್ದೆ. ಮೊದಲು ತಿರುವಿನ ಆಚೆಯಿಂದ ಸದ್ದು ಬಂತು, ದೂರದಲ್ಲಿ ಮಳೆ ಸುರಿದಂತೆ. ಆಮೇಲೆ ಕೆಸರು ಬಣ್ಣದ ಅಲೆ ದಡದಿಂದ ದಡಕ್ಕೆ ಮೈಚಾಚಿ ಬಂತು. ಅದು ದಾಟಿಹೋದ ಮೇಲೆ ಇಡೀ ನದಿ ಹಿಮ್ಮುಖವಾಗಿ ಹರಿಯತೊಡಗಿತು, ಮುರಿದ ಕೊಂಬೆಗಳು ನಮ್ಮ ಮುಂದೆಯೇ ಮೇಲಕ್ಕೆ ತೇಲಿಹೋದವು. ಬರುವಾಗ ಕಾರಿನಲ್ಲಿ ಕಥೆ ಹೇಳಿದ್ದೆ. ನೀರನ್ನೇ ನೋಡುತ್ತಿದ್ದ ಮಗಳು, "ಅಮ್ಮಾ, ಅವಳಿಗೆ ಈಜು ಬರುತ್ತಿತ್ತಾ?" ಎಂದು ಕೇಳಿದಳು.

ಹುಟ್ಟಿದಾಗಿನಿಂದ ನೆಲದಡಿ ಇದ್ದವಳಿಗೆ ಯಾರು ಕಲಿಸಿರುತ್ತಾರೆ ಮಗಳೇ ಎಂದೆ. ಅವಳು ನನ್ನ ಕೋಟಿನ ತೋಳು ಹಿಡಿದುಕೊಂಡಳು. ನೀರು ಇಳಿಯುವವರೆಗೆ ನಾವು ಅಲ್ಲೇ ನಿಂತಿದ್ದೆವು.